ನಿಯಮವೂ ಚರಿತ್ರೆಯೂ: ಸಸ್ಯಾಕೃತಿಯನ್ನು ಕುರಿತ ಒಂದು ಗ್ರಂಥದ ವಿಮರ್ಶೆ

ಹಂಗೇರಿಯಲ್ಲಿ ಜನಿಸಿ ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಅಧ್ಯಾಪಕರಾಗಿದ್ದ ಜೀವಶಾಸ್ತ್ರಜ್ಞ ಅರಿಸ್ಟಿಡ್ ಲಿಂಡೆನ್‌ಮೇಯರ್ ಅವರು 1968ರಲ್ಲಿ ತಂತುರೂಪದ ಜೀವಿಗಳ ಬೆಳವಣಿಗೆಯನ್ನು ಅಕ್ಷರಗಳಿಂದ ನಿರೂಪಿಸುವ ಒಂದು ಕ್ರಮವನ್ನು ಪ್ರತಿಪಾದಿಸಿದರು. ಪ್ರುಸಿಂಕೀವಿಚ್ ಅವರೊಡನೆ ಬರೆದ 'ದಿ ಆಲ್ಗರಿದ್ಮಿಕ್ ಬ್ಯೂಟಿ ಆಫ್ ಪ್ಲಾಂಟ್ಸ್' ಎಂಬ ಗ್ರಂಥ 1990ರಲ್ಲಿ ಪ್ರಕಟವಾಗುವ ಮುನ್ನವೇ, 1989ರಲ್ಲಿ, ಅವರು ತೀರಿಕೊಂಡರು. ಚರಿತ್ರೆಯ ಉಪಾಧ್ಯಾಯನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕಾಲಕ್ರಮದಲ್ಲಿ ರೂಪವು ಹೇಗೆ ಸಿದ್ಧಿಸುತ್ತದೆಂಬ ಪ್ರಶ್ನೆ ಸಸ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ.

ಕ್ರಮವು ಸರಳವಾದುದು. 'ಕ' ಇದ್ದೆಡೆ 'ಕಚ' ಎಂದೂ 'ಚ' ಇದ್ದೆಡೆ 'ಕ' ಎಂದೂ ಏಕಕಾಲದಲ್ಲಿ ಬರೆಯುತ್ತ ಹೋದರೆ ಕ, ಕಚ, ಕಚಕ, ಕಚಕಕಚ ಎಂಬ ಸಾಲುಗಳು ದೊರೆಯುತ್ತವೆ. ಅವುಗಳ ಉದ್ದ 1, 2, 3, 5, ಮುಂದೆ 8. ಛಂದಸ್ಸನ್ನು ಓದಿದವರಿಗೆ ಇದು ಹಳೆಯ ಪರಿಚಯ. ಪ್ರಸ್ತಾರದಲ್ಲಿ ಮೂರು ಮಾತ್ರೆಯ ಗಣಕ್ಕೆ 3, ಕಂದದ ನಾಲ್ಕು ಮಾತ್ರೆಯ ಗಣಕ್ಕೆ 5, ಐದು ಮಾತ್ರೆಯ ಗಣಕ್ಕೆ 8 ರೂಪಗಳಲ್ಲವೆ? ಅಕ್ಷರಗಳೆಲ್ಲ ಒಮ್ಮೆಗೇ ಬದಲಾಗುವುದು ಈ ಪದ್ಧತಿಯ ಜೀವಾಳ. ಸಸ್ಯದ ಜೀವಕೋಶಗಳು ಸರದಿಗಾಗಿ ಕಾಯುವುದಿಲ್ಲ.

ಈ ಸಾಲನ್ನು ಒಂದು ಕಾಲ್ಪನಿಕ ಆಮೆಗೆ ಕೊಟ್ಟ ಆಜ್ಞೆಗಳೆಂದು ಓದಿದಾಗ ಆಕೃತಿ ಮೂಡುತ್ತದೆ. ಒಂದು ಅಕ್ಷರ ಮುಂದೆ ನಡೆಯೆನ್ನುತ್ತದೆ. ಬೇರೆ ಚಿಹ್ನೆಗಳು ಎಡಬಲಕ್ಕೆ ತಿರುಗಲು, ಮೇಲುಕೆಳಗೆ ಬಾಗಲು, ತನ್ನ ಅಕ್ಷದ ಸುತ್ತಲೇ ಹೊರಳಲು ಹೇಳುತ್ತವೆ. ಈ ಮೂರರಿಂದಲೇ ಕಾಗದದ ಮೇಲಿನ ಗೀರು ಘನಾಕೃತಿಯಾಗುವುದು. ಆವರಣ ತೆರೆದರೆ ಆಮೆ ತಾನಿದ್ದ ಸ್ಥಾನವನ್ನು ನೆನಪಿಟ್ಟುಕೊಂಡು ಕೊಂಬೆಯೊಂದನ್ನು ರಚಿಸುತ್ತದೆ. ಮುಚ್ಚಿದರೆ ಅಲ್ಲಿಗೇ ಮರಳುತ್ತದೆ.

ಗ್ರಂಥದ ಮೂರನೆಯ ಅಧ್ಯಾಯ ನಿಸ್ಸಂದೇಹವಾಗಿ ಶ್ರೇಷ್ಠ. ಮೂಲಿಕೆಗಳಲ್ಲಿ ಹೂವು ಯಾವ ಅನುಕ್ರಮದಲ್ಲಿ ಅರಳುತ್ತದೆಂಬುದನ್ನು ಅಲ್ಲಿ ಕಾಂಡದೊಳಗೆ ಸಾಗುವ ಸಂಕೇತಗಳಿಂದ ವಿವರಿಸಲಾಗಿದೆ. ಅಲ್ಲಿ ನಿಯಮವೆಂಬುದು ಕಾರಣವೂ ಹೌದು. ಮರಗಳನ್ನು ಕುರಿತ ಎರಡನೆಯ ಅಧ್ಯಾಯಕ್ಕೆ ಆ ಗೌರವ ಸಲ್ಲದು. ಅಲ್ಲಿ ಕೋನಗಳನ್ನೂ ಕೊಂಬೆಗಳ ಉದ್ದದ ಪ್ರಮಾಣವನ್ನೂ ಆರಿಸಿ, ಚಿತ್ರವು ಮರದಂತೆ ಕಾಣುವವರೆಗೆ ಹೊಂದಿಸಲಾಗಿದೆ. ಮರದಂತೆ ಕಾಣುವುದು ಬೇರೆ, ಮರವು ಹಾಗೆ ಬೆಳೆಯಿತೆಂಬುದು ಬೇರೆ. ಶಾಸನದ ಲಿಪಿಯನ್ನು ಚೆನ್ನಾಗಿ ಅನುಕರಿಸಿದ ಮಾತ್ರಕ್ಕೆ ಕೂಟಶಾಸನವು ದಾನಕ್ಕೆ ಸಾಕ್ಷಿಯಾಗದಷ್ಟೆ!

ಮರ್ಫಿ ಟೌನಿನ ನಮ್ಮ ಬೀದಿಯಲ್ಲೊಂದು ಹೊಂಗೆಯ ಮರವಿದೆ. ವಿದ್ಯುತ್ ತಂತಿಗಳಿಗಾಗಿ ಅದರ ಒಂದು ಪಕ್ಕವನ್ನು ಮತ್ತೆಮತ್ತೆ ಕಡಿದಿದ್ದಾರೆ. ಕಡಿದ ಗಾಯದ ಕೆಳಗೆ ಹೊಸ ಚಿಗುರುಗಳು ಗುಂಪಾಗಿ ಎದ್ದಿವೆ. ಇನ್ನೊಂದು ಪಕ್ಕ ಮಾತ್ರ ರಸ್ತೆಯ ಮೇಲೆ ಹರಡಿದೆ. ಈ ಆಕೃತಿಯ ಅರ್ಧ ಬೀಜದಲ್ಲಿದ್ದರೆ ಉಳಿದರ್ಧ ಬೀದಿಯ ಚರಿತ್ರೆಯಲ್ಲಿದೆ. ಪ್ರುಸಿಂಕೀವಿಚ್ ಅವರೇ ಈ ಕೊರತೆಯನ್ನು ಕಂಡುಕೊಂಡು, ಸಹೋದ್ಯೋಗಿಗಳೊಡನೆ 1994ರಲ್ಲಿ ಸವರುವಿಕೆಗೆ ಪ್ರತಿಕ್ರಿಯಿಸುವ ಸಸ್ಯಗಳನ್ನೂ, 1996ರಲ್ಲಿ ನೆರಳು, ನೀರು ಮೊದಲಾದ ಪರಿಸರದೊಡನೆ ವ್ಯವಹರಿಸುವ ಸಸ್ಯಗಳನ್ನೂ ರೂಪಿಸಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದುದರಿಂದ ನನ್ನ ಹೊಂಗೆಯ ಆಕ್ಷೇಪ 1990ರ ಗ್ರಂಥಕ್ಕೆ ತಟ್ಟುತ್ತದೆಯೇ ಹೊರತು ಪದ್ಧತಿಗಲ್ಲ.

ಪದ್ಧತಿಗೇ ತಟ್ಟುವ ಆಕ್ಷೇಪ ಆಲದ ಮರದ್ದು. ಆವರಣಗಳಿಂದ ಬರೆದ ಸಾಲಿನಲ್ಲಿ ಪ್ರತಿ ಕೊಂಬೆಗೂ ತಾಯಿ ಒಂದೇ. ಹೊರಟ ಕೊಂಬೆ ಎಲ್ಲಿಯೂ ಮರಳಿ ಕೂಡಿಕೊಳ್ಳುವಂತಿಲ್ಲ. ಬಿಳಲಾದರೋ ಕೊಂಬೆಯಿಂದ ಇಳಿದು ನೆಲವನ್ನು ಮುಟ್ಟಿ, ಬೇರೂರಿ, ತನ್ನನ್ನು ಹೆತ್ತ ಕೊಂಬೆಗೇ ಆಧಾರವಾಗುತ್ತದೆ. ಬಿಳಲಿನ ಗೆರೆಯನ್ನು ಆಮೆ ಎಳೆಯಬಲ್ಲದು, ನಿಜ. ಆದರೆ ಆ ಬಿಳಲು ಇನ್ನು ಮುಂದೆ ಕಾಂಡವೆಂಬ ಸಂಬಂಧವನ್ನು ಸಾಲಿನಲ್ಲಿ ಎಲ್ಲಿ ಬರೆಯುವುದು? ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರವನ್ನು ವಿದ್ಯಾರ್ಥಿಗಳು ಹೋಗಿ ನೋಡಬೇಕು. ಅದರ ಮೂಲ ಕಾಂಡ ರೋಗದಿಂದ ನಾಶವಾಗಿದೆ. ಲಿಂಡೆನ್‌ಮೇಯರ್ ಅವರ ಸಾಲು ಪ್ರಾರಂಭವಾಗಬೇಕಾದ ಮೊದಲ ಅಕ್ಷರವೇ ಅಲ್ಲಿಲ್ಲ. ಬಿಳಲುಗಳ ಮೇಲೆ ನಿಂತ ಮರವು ಮಾತ್ರ ಇನ್ನೂ ಹಬ್ಬುತ್ತಿದೆ.