ಹೆಸರು ಬರೆಯದ ಪೋಸ್ಟರು

ರಾಜಾಜಿನಗರದ ನವರಂಗ್ ಚಿತ್ರಮಂದಿರದ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕಿಟಕಿ ಪಕ್ಕ ಕೂತವರ ಕಣ್ಣು ತಾನಾಗಿ ಪೋಸ್ಟರಿನ ಕಡೆ ತಿರುಗುತ್ತದೆ. ಬಸ್ಸು ಹೊರಡುವಷ್ಟರಲ್ಲಿ ಆ ಪೋಸ್ಟರು ಎರಡು ಕೆಲಸ ಮಾಡಿ ಮುಗಿಸಬೇಕು. ಇದು ಯಾರ ಸಿನಿಮಾ ಎಂದು ಹೇಳಬೇಕು. ಎಂಥ ಸಿನಿಮಾ ಎಂಬುದನ್ನು ಪೂರ್ತಿ ಹೇಳದೆ ಉಳಿಸಿಕೊಳ್ಳಬೇಕು. ಮೊದಲನೆಯದಕ್ಕೆ ನಾಯಕನ ಮುಖ ದೊಡ್ಡದಾಗಿದ್ದರೆ ಸಾಕು. ಕಷ್ಟವಿರುವುದು ಎರಡನೆಯದರಲ್ಲಿ.

ಕನ್ನಡದಲ್ಲಿ ಈ ಎರಡನೆಯ ಕೆಲಸವನ್ನು ಹಟ ಹಿಡಿದು ಮಾಡಿದವರು ಉಪೇಂದ್ರ. ಅವರ ಸಿನಿಮಾಗಳ ಬಗ್ಗೆ ಬೇಕಾದಷ್ಟು ಜಗಳವಾಡಬಹುದು. ಆದರೆ ಶೀರ್ಷಿಕೆಯನ್ನೇ ಒಗಟಾಗಿಸಿದ ಅವರ ಪೋಸ್ಟರುಗಳನ್ನು ಬೇರೆಯಾಗಿಯೇ ನೋಡಬೇಕು.

1995ರ ‘ಓಂ’ ತೆಗೆದುಕೊಳ್ಳಿ. ಓಂಕಾರ ಅಕ್ಷರವೂ ಹೌದು, ಚಿಹ್ನೆಯೂ ಹೌದು. ಪೂಜೆಯ ಮನೆಯ ಆ ಚಿಹ್ನೆ ಮಚ್ಚು ಹಿಡಿದವರ ಕತೆಗೆ ಹೆಸರಾಗಿ ಗೋಡೆಯ ಮೇಲೆ ಬಂತು. ಇವೆರಡೂ ಒಂದೇ ಕಡೆ ಹೇಗೆ ಎಂಬ ಪ್ರಶ್ನೆಯೇ ಟಿಕೆಟ್ಟಿನ ಸಾಲಿಗೆ ಕರೆದೊಯ್ಯುವಂಥದ್ದು. 1998ರ ‘ಎ’ ಚಿತ್ರದ ಹೆಸರು ಒಂದೇ ಒಂದು ಇಂಗ್ಲಿಷ್ ಅಕ್ಷರ. ವಯಸ್ಕರ ಸಿನಿಮಾಗೆ ಸೆನ್ಸಾರ್ ಮಂಡಳಿ ಕೊಡುವ ಪ್ರಮಾಣಪತ್ರದ ಅಕ್ಷರವೂ ಅದೇ. ಜೊತೆಗೆ ‘ಬುದ್ಧಿವಂತರಿಗೆ ಮಾತ್ರ’ ಎಂಬ ಅಡಿಬರಹ. ಬರಬೇಡಿ ಎನ್ನುತ್ತಲೇ ಕರೆಯುವ ಕರೆಯೋಲೆ ಅದು. ತಾನು ದಡ್ಡನೆಂದು ಒಪ್ಪಿಕೊಂಡು ಮನೆಗೆ ಹೋಗುವವರು ಯಾರು?

2010ರ ‘ಸೂಪರ್’ನಲ್ಲಿ ಅಕ್ಷರವೂ ಹೋಯಿತು. ಹೆಬ್ಬೆರಳು, ತೋರುಬೆರಳು ಕೂಡಿಸಿದ ಕೈಮುದ್ರೆಯೇ ಶೀರ್ಷಿಕೆ. ಎಲ್ಲರೂ ಮಾತಾಡಿದ ಪೋಸ್ಟರು ಅದು. ಆದರೂ ನನ್ನ ಮಟ್ಟಿಗೆ ಇವುಗಳಲ್ಲಿ ಅದೇ ದುರ್ಬಲ. ಆ ಮುದ್ರೆಗೆ ಇರುವುದು ಒಂದೇ ಅರ್ಥ. ಬಿಡಿಸಿದ ಕೂಡಲೇ ಒಗಟು ಖಾಲಿ.

2024ರ ‘ಯುಐ’ ಹಾಗಲ್ಲ. ಇಂಗ್ಲಿಷಿನ ‘ಯು’ ಒಳಗೆ ‘ಐ’ ನಿಂತರೆ ಹಣೆಯ ಮೇಲಿನ ನಾಮ ಕಾಣುತ್ತದೆ. ಕನ್ನಡದಲ್ಲಿ ನಾಮ ಎಂದರೆ ಹೆಸರು; ನಾಮ ಎಂದರೆ ತಿಲಕ; ನಾಮ ಹಾಕಿದ ಎಂದರೆ ಮೋಸ ಮಾಡಿದ. ಹೆಸರಿರಬೇಕಾದ ಜಾಗದಲ್ಲಿ ನಾಮ ಬರೆದು, ಇದು ಭಕ್ತಿಯೋ ಟೋಪಿಯೋ ಎಂದು ನೋಡುವವರನ್ನೇ ಕೇಳಿದಂತಾಯಿತು. ಒಂದು ಕನ್ನಡ ಅಕ್ಷರವೂ ಇಲ್ಲದ ಚಿಹ್ನೆ ಕನ್ನಡದ ಮಾತುಗಾರಿಕೆಯಿಂದ ಅರ್ಥ ಪಡೆಯುತ್ತದೆ. ಒಳ್ಳೆಯ ಪೋಸ್ಟರು ಖಾಲಿ ಬಿಡುವುದು ನೋಡುಗನ ಬಳಿ ತುಂಬಲು ಏನಾದರೂ ಇರುವ ಜಾಗವನ್ನೇ.

ಈ ತಂತ್ರಕ್ಕೂ ಮಿತಿಯಿದೆ. ಕುತೂಹಲವೆಂಬುದು ಸಾಲ, ಸಿನಿಮಾ ಅದನ್ನು ತೀರಿಸಬೇಕು. ಪ್ರತಿ ಸಲವೂ ಒಗಟು ಇದ್ದೇ ಇರುತ್ತದೆ ಎಂದು ಗೊತ್ತಾದ ಮೇಲೆ ಒಗಟೂ ಒಂದು ಟ್ರೇಡ್‌ಮಾರ್ಕ್ ಆಗಿಬಿಡುತ್ತದೆ.

ಆದರೂ ಇಂದಿನ ಹಲವು ಪೋಸ್ಟರುಗಳ ಪಕ್ಕದಲ್ಲಿಟ್ಟರೆ ಆ ಹಟ ದೊಡ್ಡದೆನಿಸುತ್ತದೆ. ಊರಿನ ಅಂದ ಕೆಡಿಸುವ ಪೋಸ್ಟರುಗಳ ವಿರುದ್ಧ ರಾಜ್ಯದಲ್ಲಿ 1981ರಿಂದಲೇ ಕಾನೂನಿದೆ. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳೂ ಇಳಿದವು. ಅದು ಸರಿಯೇ. ಈಗ ಪೋಸ್ಟರು ಮೊದಲು ಬರುವುದು ಫೋನಿಗೆ, ನಾಯಕನ ಹುಟ್ಟುಹಬ್ಬದ ದಿನ, ಐದು ಭಾಷೆಗಳಲ್ಲಿ. ಗಡ್ಡ, ಹೊಗೆ, ರಕ್ತ, ಕತ್ತಲು. ಇಂಗ್ಲಿಷಿನಲ್ಲಿ ಆಗಲೇ ವಿನ್ಯಾಸವಾದ ಶೀರ್ಷಿಕೆಯ ಅಚ್ಚಿಗೆ ಕನ್ನಡವನ್ನು ತುರುಕಿದಂತೆ ಎಷ್ಟೋ ಕಡೆ ಕಾಣುತ್ತದೆ. ಗುಂಡಗಿನ ಅಕ್ಷರ ಚೌಕವಾಗುತ್ತದೆ, ಒತ್ತಕ್ಷರ ಇಕ್ಕಟ್ಟಿನಲ್ಲಿ ಮುದುಡುತ್ತದೆ. ಐದು ಭಾಷೆಯವರಿಗೂ ಒಟ್ಟಿಗೆ ಅರ್ಥವಾಗಬೇಕೆಂದು ಹೊರಟ ಪೋಸ್ಟರು ಯಾರಿಗೂ ಏನನ್ನೂ ಊಹಿಸಲು ಬಿಡುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮುಂದಿನ ಸಲ ಫೋನಿಗೆ ಪೋಸ್ಟರು ಬಂದಾಗ ನಾಯಕನ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ. ಉಳಿದದ್ದರಲ್ಲಿ ಪಕ್ಕದವರನ್ನು ಕೇಳಬೇಕೆನಿಸುವ ಒಂದು ಪ್ರಶ್ನೆಯಾದರೂ ಇದ್ದರೆ ಅದು ಪೋಸ್ಟರು. ಇಲ್ಲದಿದ್ದರೆ ಅದು ಬರೀ ಫೋಟೋ.