ಕಷ್ಟಕಾಲದ ಮಲ್ಲಿಗೆ

ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ಯು ಪ್ರಕಟವಾದುದು 1942ರಲ್ಲಿ. ಆ ವರ್ಷವು ಎಂತಹದೆಂಬುದನ್ನು ವಾಚಕರು ಬಲ್ಲರು. ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಯು ಹೊತ್ತಿಕೊಂಡಿತು. ಈಗ ಶಿವಾಜಿನಗರವೆನಿಸಿರುವ ನಮ್ಮ ಈ ಭಾಗವು ಆಗ ಬ್ರಿಟಿಷರ ದಂಡಿಗೆ ಸೇರಿತ್ತು. ಇಂತಹ ಕಾಲದಲ್ಲಿ ಇಪ್ಪತ್ತೇಳರ ತರುಣನೊಬ್ಬನು ಬಳೆ, ಹೂವು, ಮಾವನ ಮನೆ ಎಂದು ಹಾಡುತ್ತ ಕುಳಿತುದು ಉಚಿತವೆ? ಇದು ಪಲಾಯನವಲ್ಲವೆ? ಎಂದು ಗೋಷ್ಠಿಯೊಂದರಲ್ಲಿ ಮಿತ್ರರೊಬ್ಬರು ಕೇಳಿದರು. ಅಂದು ನನಗೆ ಉತ್ತರ ತೋಚಲಿಲ್ಲ.

2020ರ ಏಪ್ರಿಲಿನಲ್ಲಿ ಮಹಾಮಾರಿಯ ನಿಮಿತ್ತ ಅಂಗಡಿಬೀದಿಗಳು ಮುಚ್ಚಿ, ನಮ್ಮ ಮನೆಗೆ ಹೂವಿನವಳು ಬರುವುದೂ ನಿಂತಿದ್ದಾಗ, ಈ ಪುಸ್ತಕವನ್ನು ಮನೆಮಂದಿಗೆ ಗಟ್ಟಿಯಾಗಿ ಓದಿ ಹೇಳಿದೆನು. ರಾಯರು ಮಾವನ ಮನೆಗೆ ಬರುವ ಪದ್ಯದಲ್ಲಿ ಬಾಗಿಲಲ್ಲಿಯೇ ಕಾಲಿಗೆ ಬಿಸಿನೀರು ಸಿದ್ಧವಾಗಿರುತ್ತದಷ್ಟೆ. ಆ ದಿನಗಳಲ್ಲಿ ನಾವೂ ಹೊಸ್ತಿಲಲ್ಲಿಯೇ ಕೈಕಾಲು ತೊಳೆಯುತ್ತಿದ್ದೆವು, ಆದರೆ ಭಯದಿಂದ. ಮನೆಯಾಕೆ ಆ ಭಾಗವನ್ನು ಮತ್ತೊಮ್ಮೆ ಓದಿಸಿದಳು.

ಆ ಪದ್ಯವನ್ನೇ ನೋಡೋಣ. ಊಟವುಂಟು, ಗಸಗಸೆ ಪಾಯಸವುಂಟು, ಮಂಚವುಂಟು. ಪದುಮಳು ಮಾತ್ರ ಇಲ್ಲ. ಏಕೆ ಇಲ್ಲವೆಂದು ಕವಿಯು ಎಲ್ಲಿಯೂ ಹೇಳುವುದಿಲ್ಲ. ಬೆಳಗಾದ ಮೇಲೆ ನಾದಿನಿಯು ನೀರು ಕಾದಿರುವ ಸುದ್ದಿಯನ್ನು ರಾಗವಾಗಿ ಸಾರುತ್ತಾಳೆ. ಹೊರಗಿದ್ದವಳು ಮಿಂದು ಒಳಗಾಗುವಳೆಂಬುದು ಅಷ್ಟರಿಂದಲೇ ವ್ಯಕ್ತವಾಗುತ್ತದೆ. ಆನಂದವರ್ಧನನು ‘ಧ್ವನಿ’ಯೆಂದು ಕರೆದುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆಯನ್ನು ನಾನು ಪಾಠಶಾಲೆಯಲ್ಲಿಯೂ ಕಾಣಲಿಲ್ಲ. ಇನ್ನೊಂದು ವಿನೋದವೂ ಉಂಟು. ನಮ್ಮ ಅಲಂಕಾರಿಕರು ಪ್ರಣಯಕೋಪವನ್ನು, ಎಂದರೆ ‘ಮಾನ’ವನ್ನು, ಪ್ರಾಯಶಃ ನಾಯಿಕೆಗೇ ಮೀಸಲಿಟ್ಟವರು. ಇಲ್ಲಿ ಮುನಿದು ಹೊರಟು ನಿಂತವರು ರಾಯರು! ಕೊನೆಗೆ ಪದುಮಳು ಹೂ ಮುಡಿಯುತ್ತ ಕೋಣೆಗೆ ಬರುವಾಗ, ಆ ಹೂವಿಗೆ ಒಂದು ರಾತ್ರಿಯ ಕಾಯುವಿಕೆಯ ಬೆಲೆ ಬಂದಿರುತ್ತದೆ.

ಬಳೆಗಾರ ಚೆನ್ನಯ್ಯನ ಪದ್ಯದಲ್ಲಿಯೂ ಹೀಗೆಯೇ. ಅವನು ನವಿಲೂರಿನಿಂದ ಬಂದಿರುವುದು ಬಳೆ ತೊಡಿಸುವುದಕ್ಕಲ್ಲ, ಒಂಟಿಯಾಗಿರುವ ಗಂಡನಿಗೆ ಮಡದಿಯ ಕಡೆಯ ಮಾತನ್ನು ತಲುಪಿಸುವುದಕ್ಕೆ. ಇವೆರಡರಲ್ಲಿಯೂ ಸುಖವು ಹುಟ್ಟುವುದು ಇಲ್ಲದಿರುವುದರ ನಡುವೆ. ದುಃಖವನ್ನು ಕಾಣಲಾರದೆ ಓಡಿದವನು ವಿರಹವನ್ನು ಇಷ್ಟು ತಾಳ್ಮೆಯಿಂದ ನೋಡುತ್ತಿದ್ದನೆ? ಮಿತ್ರರಿಗೆ ನನ್ನ ಉತ್ತರವಿದು.

ಆದರೂ ಅವರ ಆಕ್ಷೇಪದಲ್ಲಿ ಒಂದಂಶವು ನಿಲ್ಲುತ್ತದೆ. ಪಾಯಸವನ್ನು ಬೆಳ್ಳಿಯ ಬಟ್ಟಲಲ್ಲಿ ಬಡಿಸುವ ಮನೆ ಅದು. 1942ರಲ್ಲಿ ಅಂತಹ ಮನೆಗಳು ಎಷ್ಟಿದ್ದುವು? ಬಟ್ಟಲನ್ನು ಬೆಳಗಿದ ಕೈ ಪದ್ಯದೊಳಗೆ ಬರುವುದಿಲ್ಲ. ಚೆನ್ನಯ್ಯನೂ ಬಾಗಿಲಲ್ಲಿ ನಿಂತು, ಅಪ್ಪಣೆ ಕೇಳಿ, ಬೇರೆಯವರ ಮನೆಯ ಸುದ್ದಿಯನ್ನೇ ಹೇಳುತ್ತಾನೆ. ಅವನ ಮನೆಯಲ್ಲಿ ಆ ವರ್ಷ ಒಲೆ ಹೇಗೆ ಉರಿಯಿತೆಂದು ಕವಿಯು ಕೇಳಲಿಲ್ಲ.