ಫ್ಲಾಪಿ ಡ್ರೈವ್: ಹೇಳದೇ ಉಳಿಯುವ ದೋಷ

ಫ್ಲಾಪಿ ಓದಲು ಡ್ರೈವ್ ತಕರಾರು ಮಾಡಿದರೆ ಹೆಡ್ ಶುಚಿಗೊಳಿಸಿ, ಕೇಬಲ್ ನೋಡಿ, ಬೇರೆ ಡಿಸ್ಕ್ ಹಾಕಿ ಎನ್ನುವುದು ವಾಡಿಕೆಯ ಸಲಹೆ. ಸಲಹೆಯೇನೋ ಸರಿಯೇ. ಆದರೆ ಅದು ಪರದೆಯ ಮೇಲೆ ದೋಷದ ಸೂಚನೆ ಬಂದಾಗಿನ ಮಾತು. ಸೂಚನೆಯೇ ಬಾರದ ದೋಷವನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ.

1.44 ಎಂಬಿ ಫ್ಲಾಪಿಯಲ್ಲಿ 2,880 ಸೆಕ್ಟರುಗಳು, ಒಂದೊಂದರಲ್ಲೂ 512 ಬೈಟ್. ಬರೆಯುವಾಗ ನಿಯಂತ್ರಕ ಚಿಪ್ ಈ ಬೈಟುಗಳಿಂದ 16 ಬಿಟ್‌ಗಳ ತಾಳೆಸಂಖ್ಯೆಯೊಂದನ್ನು (ಸಿಆರ್‌ಸಿ) ಲೆಕ್ಕಹಾಕಿ ಜೊತೆಗೆ ಬರೆಯುತ್ತದೆ. ಓದುವಾಗ ಮತ್ತೆ ಲೆಕ್ಕಹಾಕಿ ಹೋಲಿಸುತ್ತದೆ. ಧೂಳು, ಗೀರು, ಕುಂದಿದ ಕಾಂತತ್ವದಿಂದಾದ ತಪ್ಪುಗಳು ಬಹುಮಟ್ಟಿಗೆ ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಚಿಪ್‌ಗೆ ಸೇರುವಾಗಲೇ ಬೈಟ್ ತಪ್ಪಾಗಿದ್ದರೆ? ಅಂಗಡಿಯವನು ತಪ್ಪಾಗಿ ತೂಗಿ, ಅದೇ ತೂಕಕ್ಕೆ ಚೀಟಿ ಬರೆದಂತೆ. ಚೀಟಿಗೂ ಪೊಟ್ಟಣಕ್ಕೂ ತಾಳೆಯಾಗುತ್ತದೆ. ನಾವು ಕೇಳಿದ್ದು ಮಾತ್ರ ಬೇರೆ.

ಇದು ಬರಿಯ ಊಹೆಯಲ್ಲ. ಪಿಸಿಗಳಲ್ಲಿ ವ್ಯಾಪಕವಾಗಿದ್ದ ಎನ್‌ಇಸಿ 765 ಮಾದರಿಯ ನಿಯಂತ್ರಕಕ್ಕೆ 16 ಮೈಕ್ರೊಸೆಕೆಂಡಿಗೆ ಒಂದರಂತೆ ಬೈಟ್ ಒದಗಬೇಕು. ತಡವಾದರೆ ಅದು ದೋಷವೆಂದು ತಿಳಿಸಬೇಕು. ಆದರೆ ಸೆಕ್ಟರಿನ ಕೊನೆಯ ಬೈಟೇ ತಡವಾದಾಗ ಚಿಪ್ ಸುಮ್ಮನಿದ್ದು, ತಪ್ಪು ಬೈಟನ್ನು ಅದಕ್ಕೊಪ್ಪುವ ಸಿಆರ್‌ಸಿಯೊಡನೆ ಬರೆಯಬಹುದಾಗಿತ್ತು. ಈ ಬಗೆಯ ದೋಷದ ಮೊಕದ್ದಮೆಯನ್ನು ತೋಶಿಬಾ 1999ರಲ್ಲಿ ಅಮೆರಿಕದಲ್ಲಿ, ಹೊಣೆಯನ್ನು ಒಪ್ಪಿಕೊಳ್ಳದೆಯೇ, ಸುಮಾರು 210 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಸಿಕೊಂಡಿತು.

ಡಾಸ್‌ನ 'ವೆರಿಫೈ' ಆದೇಶವೂ ಇಲ್ಲಿ ಟೀಕೆಗೆ ಅರ್ಹ. ಹೆಸರು ನೋಡಿದರೆ ಬರೆದದ್ದನ್ನು ಮೂಲದೊಡನೆ ಹೋಲಿಸುತ್ತದೆ ಎನಿಸುತ್ತದೆ. ವಾಸ್ತವವಾಗಿ ಅದು ಸೆಕ್ಟರನ್ನು ಓದಿ ಸಿಆರ್‌ಸಿ ಸರಿಯಿದೆಯೇ ಎಂದಷ್ಟೇ ನೋಡುತ್ತಿತ್ತು. ಮೇಲಿನ ದೋಷ ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ನಿಜವಾದ ಹೋಲಿಕೆ ಬೇಕಿದ್ದರೆ ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿ, 'ಎಫ್‌ಸಿ /ಬಿ' ಆದೇಶದಿಂದ ಎರಡು ಫೈಲುಗಳನ್ನು ಬೈಟಿಗೆ ಬೈಟ್ ತಾಳೆ ನೋಡಬೇಕಿತ್ತು.

ಫ್ಲಾಪಿಯ ಕಾಲ ಮುಗಿದಿದೆ. ಸೋನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಆದರೂ ಬೀರುವಿನಲ್ಲಿರುವ ಹಳೆಯ ಡಿಸ್ಕುಗಳಿಂದ ಫೈಲುಗಳನ್ನು ತೆಗೆಯುವವರು ಇದನ್ನು ನೆನಪಿಡಬೇಕು: ತಕರಾರಿಲ್ಲದೆ ಓದಿತು ಎಂದಮಾತ್ರಕ್ಕೆ ದತ್ತಾಂಶ ಸರಿಯಿದೆ ಎಂದಲ್ಲ. ಮೂಲವೇ ಉಳಿದಿಲ್ಲವೆಂದರೆ ಎಷ್ಟು ಹೆಡ್ ಒರೆಸಿದರೂ ಈ ತಪ್ಪು ಕಾಣದು. ಅಂಕಪಟ್ಟಿಯ ಮೊತ್ತವನ್ನು ಮತ್ತೆ ಕೂಡಿ ನೋಡುವಂಥ ಪರೀಕ್ಷೆಯೇ ಗತಿ. ಇಂದು ಪೆನ್‌ಡ್ರೈವ್‌ಗೆ ನಕಲು ಮಾಡುವಾಗಲೂ ಮೂಲ ಫೈಲಿನ ತಾಳೆಸಂಖ್ಯೆಯನ್ನು ಮೊದಲೇ ತೆಗೆದಿಟ್ಟು, ಆಮೇಲೆ ನಕಲಿನದರೊಡನೆ ಹೋಲಿಸಬೇಕು. ಬರೆದ ಯಂತ್ರವೇ ಕೊಡುವ ಪ್ರಮಾಣಪತ್ರವನ್ನು ನಂಬಿ ಕೂರುವುದು ಪರೀಕ್ಷೆಯಲ್ಲ.